ಹಡಗಿನ ಹಾಜರಿ

ಸಂಜೆ ಐದರವರೆಗೆ ಮಾತ್ರ ರೂಮು ಹಿಡಿದಿಟ್ಟಿರುತ್ತೇವೆ ಎಂದು ಪ್ರವಾಸದ ಏಜೆಂಟು ಹೇಳಿದ್ದ. ಈಗ ನಾಲ್ಕೂ ಹತ್ತು. ಊಟದ ಮೇಜಿನ ಮೇಲೆ ತಂಗಿಯ ಲ್ಯಾಪ್‌ಟಾಪು, ಪಕ್ಕದಲ್ಲಿ ಹಡಗಿನ ಬಣ್ಣಬಣ್ಣದ ಪುಸ್ತಿಕೆ, ಅದರ ಮೇಲೆ ಮೂಗು ತಾಗುವಷ್ಟು ಬಗ್ಗಿದ ಹಾಜರಕ್ಕನ ಗಂಡ. ಹಾಜರಕ್ಕ ಮಾತ್ರ ಕೂತಿರಲಿಲ್ಲ. ಒರೆಸಿದ ಒಲೆಯನ್ನೇ ಮೂರನೇ ಸಲ ಒರೆಸುತ್ತಿದ್ದಳು.

ಬಟ್ಟೆ ಕಾರ್ಖಾನೆಯ ಬಾಗಿಲಲ್ಲಿ ಕೂತು ಇಪ್ಪತ್ತೆರಡು ವರ್ಷ ಮಸ್ಟರ್ ಬರೆದವಳು ಅವಳು. ಮಸ್ಟರ್ ಎಂದರೆ ಮೊಳದುದ್ದದ ಹಾಜರಿ ಪುಸ್ತಕ. ಬಂದವರಿಗೆ ರೈಟು, ಬಾರದವರಿಗೆ ಸೊನ್ನೆ. ಕೆಲಸ ಬಿಟ್ಟು ವರ್ಷಗಳಾದರೂ ಹಾಜರಕ್ಕ ಎಂಬ ಅಡ್ಡಹೆಸರು ಬಿಡಲಿಲ್ಲ, ಎಣಿಸುವ ಚಾಳಿಯೂ ಬಿಡಲಿಲ್ಲ. ಬಸ್ಸು ಹತ್ತಿದರೆ ತಲೆ ಎಣಿಸುವಳು, ಸಿನಿಮಾಕ್ಕೆ ಹೋದರೆ ಪರದೆಗಿಂತ ಮೊದಲು ಹೊರಬಾಗಿಲು ಹುಡುಕುವಳು. ಅಂಥವಳನ್ನು ನಾಲ್ಕು ದಿನ ಸಮುದ್ರದ ಮೇಲೆ, ಅದೂ ಕಿಟಕಿಯಿಲ್ಲದ ರೂಮಿನಲ್ಲಿ ಇಡಲು ಹೊರಟಿದ್ದರು.

"ಕಿಟಕಿ ಇರೋ ರೂಮೇ ಇಲ್ವಾ?" ಎಂದಳು, ಬೆನ್ನು ತಿರುಗಿಸಿಕೊಂಡೇ.

"ಎಲ್ಲಾ ಹೋಗ್ಬಿಟ್ಟಿದೆ ಅಕ್ಕಾ. ಕಿಟಕಿ ಇದ್ರೆ ನೀರು ನೋಡಿ ಹೆದರ್ತೀಯ, ಇಲ್ದಿದ್ರೆ ನೀರು ಕಾಣಲ್ಲ ಅಂತ ಹೆದರ್ತೀಯ. ನಿನಗೆ ಹಡಗನ್ನ ನೆಲದ ಮೇಲೆ ಓಡಿಸ್ಬೇಕು," ಎಂದಳು ತಂಗಿ.

ಗಂಡ ನಕ್ಕ. ಅದೇ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವನು ಅವನು. ಹಾಳೆ ಮಗುಚುತ್ತಿದ್ದ ಎಡಗೈಯ ಚರ್ಮ ಮೊಣಕೈವರೆಗೆ ಸುಕ್ಕುಗಟ್ಟಿತ್ತು. ಯಾರಾದರೂ ಕೇಳಿದರೆ "ಇಸ್ತ್ರಿ ಹಾಕೋದು ಮರೆತೋಯ್ತು" ಎನ್ನುತ್ತಿದ್ದ. ಹಡಗು ಹತ್ತಬೇಕೆಂಬುದು ಅವನಿಗೆ ಚಿಕ್ಕಂದಿನ ಆಸೆ. ಅದಕ್ಕೇ ಅವಳು ಬೇಡ ಎನ್ನಲಾರದೆ ಒಲೆ ಒರೆಸುತ್ತಿದ್ದಳು.

"ಏನೇ, ಇಲ್ಲಿ ನೋಡು!" ಎಂದು ಅವನು ಮೇಜು ಕುಟ್ಟಿದ. "ಹಡಗಲ್ಲೂ ಮಸ್ಟರ್ ಇದೆ ಕಣೇ! ಮಸ್ಟರ್ ಸ್ಟೇಷನ್ ಅಂತೆ. ಕೆಲಸದೋರ ಹಾಜರಿ ಇರ್ಬೇಕು. ನಿನ್ನನ್ನ ಅಲ್ಲೇ ಕೂರಿಸಿ ಬರ್ತೀನಿ."

"ಕೆಲಸದೋರದ್ದಲ್ಲ ಭಾವ, ನಮ್ಮದೇ," ಎಂದು ತಂಗಿ ಪುಸ್ತಿಕೆ ಎಳೆದುಕೊಂಡು ಓದಿದಳು. "ಅಪಾಯದ ಸೀಟಿ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಕೂಗುತ್ತೆ. ಎಲ್ಲರೂ ಅವರವರ ಜಾಗಕ್ಕೆ ಬಂದು ಹಾಜರಿ ಕೊಡಬೇಕು. ಬಾರದವರನ್ನ ಹುಡುಕೋಕೆ ಸಿಬ್ಬಂದಿ ಒಳಗೆ ಹೋಗ್ತಾರೆ. ಹೊರಡೋ ಮೊದಲು ಒಂದು ಸಲ ಅಭ್ಯಾಸ ಮಾಡಿಸ್ತಾರಂತೆ."

ಹಾಜರಕ್ಕನ ಕೈಯಲ್ಲಿದ್ದ ಬಟ್ಟೆ ನಿಂತಿತು. ಹುಡುಕೋಕೆ ಒಳಗೆ ಹೋಗ್ತಾರೆ. ಕಣ್ಣೆದುರು ಉದ್ದನೆಯ ಓಣಿ, ಸಾಲು ಬಾಗಿಲು, ಕೆಳಗಿನಿಂದ ಏರುವ ಹೊಗೆ. ಹಡಗಿನ ಓಣಿಯನ್ನು ಅವಳು ಕಂಡಿರಲಿಲ್ಲ. ಕಂಡದ್ದು ಕಾರ್ಖಾನೆಯ ಓಣಿ.

"ನಮ್ಮೋರು ಅದಕ್ಕೆಲ್ಲ ಎದ್ದು ಬರೋ ಆಸಾಮಿನಾ?" ತಂಗಿ ಟೈಪು ಮಾಡುತ್ತಲೇ ತನ್ನ ಗಂಡನ ಬಗ್ಗೆ ಅಂದಳು. "ಮಲಗಿದ್ರೆ ಮುಗೀತು. ಅವರ ರೂಮಿನ ಕಾರ್ಡೂ ನಾನೇ ತೋರಿಸಿ ಬಂದಿದಾರೆ ಅಂದ್ಬಿಡ್ತೀನಿ. ಒಂದು ರೈಟು ತಾನೇ."

"ಬೇಡ!"

ಬಟ್ಟೆ ನೆಲಕ್ಕೆ ಬಿತ್ತು. ಅಷ್ಟು ಜೋರು ದನಿ ಅವಳದೇ ಎಂದು ಅವಳಿಗೂ ನಂಬಿಕೆಯಾಗಲಿಲ್ಲ.

"ಏನಾಯ್ತೇ?" ಗಂಡ ಎದ್ದು ನಿಂತ.

ಹನ್ನೆರಡು ವರ್ಷ ನುಂಗಿಕೊಂಡಿದ್ದ ಮಾತು. ಇವತ್ತು ನುಂಗಿದರೆ ಮತ್ತೆ ಮೇಲೆ ಬಾರದು ಎಂದು ಅವಳಿಗೆ ಗೊತ್ತಾಯಿತು. ಹೇಳಿದರೆ ಈ ಮನುಷ್ಯ ಇನ್ನು ಹೀಗೆ ನಗುತ್ತಾನೋ ಇಲ್ಲವೋ ಎಂಬುದು ಮಾತ್ರ ಗೊತ್ತಾಗಲಿಲ್ಲ. ಒಲೆಯ ಕಟ್ಟೆಯನ್ನು ಹಿಂದಿನಿಂದ ಹಿಡಿದುಕೊಂಡಳು.

"ರೀ, ಬೆಂಕಿ ಬಿದ್ದ ದಿನ ಕಾಜಾದವಳು ಬಂದೇ ಇರ್ಲಿಲ್ಲ."

ಕಾಜಾದವಳೆಂದರೆ ಅಂಗಿಗೆ ಗುಂಡಿಯ ತೂತು ಹೊಲಿಯುತ್ತಿದ್ದ ಹೆಂಗಸು. ಕಾರ್ಖಾನೆಗೆ ಬೆಂಕಿ ಬಿದ್ದ ಆ ದಿನ ಎಲ್ಲರೂ ಅಂಗಳದಲ್ಲಿ ನಿಂತು ಹಾಜರಿ ಕೂಗಿದಾಗ ಮಸ್ಟರಿನಲ್ಲಿ ರೈಟು ಇದ್ದೂ ಓಗೊಡದ ಹೆಸರು ಅವಳದೊಂದೇ. ಇವನು ಅವಳನ್ನು ಹುಡುಕಿಕೊಂಡು ಹೊಗೆಯೊಳಗೆ ನುಗ್ಗಿದ್ದ, ಕೈ ಸುಟ್ಟುಕೊಂಡು ಬಂದಿದ್ದ. ಕಾಜಾದವಳು ಮಾರನೆಯ ದಿನ ಬಂದು ನಾನು ಮನೆಯಲ್ಲೇ ಇದ್ದೆ ಎಂದು ಗೋಗರೆದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಜರಿ ಹಾಕಿಸಿ ನುಣುಚಿಕೊಂಡವಳು ಎಂದು ಕೆಲಸದಿಂದ ತೆಗೆದರು.

"ಪುಸ್ತಕದಲ್ಲಿ ರೈಟ್ ಇತ್ತಲ್ಲೇ," ಎಂದ ಗಂಡ.

"ನಾನೇ ಹಾಕಿದ್ದು. ಬಸ್ಸು ನಿಂತೋಗಿದೆ ಅಕ್ಕಾ, ಹತ್ತೇ ನಿಮಿಷ ಅಂತ ಫೋನು ಮಾಡಿದ್ಲು. ಗೇಟು ಹಾಕಿದ್ರೆ ಅರ್ಧ ದಿನದ ಸಂಬಳ ಹೋಗುತ್ತಲ್ಲ ಪಾಪ ಅಂತ ಮೊದಲೇ ಹಾಕ್ಬಿಟ್ಟೆ, ಬಂದಿರ್ತಾಳೆ ಅಂದ್ಕೊಂಡಿದ್ದೆ. ಆಮೇಲೆ ಮಗೂಗೆ ಜ್ವರ ಅಂತ ಅವಳು ಅರ್ಧ ದಾರಿಯಿಂದ ಹಿಂದಕ್ಕೆ ಹೋದ್ಲಂತೆ. ರೈಟು ಹಾಕಿದ್ದು ಅವಳಿಗೂ ಗೊತ್ತಿಲ್ಲ."

ತಂಗಿಯ ಬೆರಳು ಕೀಲಿಗಳ ಮೇಲೆ ಹಾಗೇ ನಿಂತಿತ್ತು. ಗಂಡ ಬಾಲ್ಕನಿಗೆ ಹೋದ. ಗಾಜಿನ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡ.

ಗಡಿಯಾರದ ಮುಳ್ಳು ನಾಲ್ಕೂವರೆ ದಾಟಿತು. ಗಾಜಿನಾಚೆ ಅವನ ಬೆನ್ನು ಅಲುಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ತಟ್ಟೆ ಎಸೆದಿದ್ದರೂ ಆಗುತ್ತಿತ್ತು. ಆ ಬೆನ್ನನ್ನು ನೋಡುತ್ತಾ ನಿಲ್ಲುವುದು ಆಗಲಿಲ್ಲ. ಬೆಂಕಿಯ ದಿನವೂ ಹೀಗೇ, ಅವನು ಒಳಗೆ, ಇವಳು ಹೊರಗೆ, ಎದೆಗವಚಿಕೊಂಡ ಪುಸ್ತಕ. ಒಂದು, ಎರಡು ಎಂದು ಎಣಿಸಿದ್ದಳು. ಈಗಲೂ ಎಣಿಸಿದಳು. ಇನ್ನೂರಾದ ಮೇಲೆ ಲೆಕ್ಕ ತಪ್ಪಿತು.

ಐದಕ್ಕೆ ಹತ್ತು ನಿಮಿಷ ಇದ್ದಾಗ ಅವನು ಒಳಗೆ ಬಂದ. ಅವಳ ಕಡೆ ನೋಡಲಿಲ್ಲ.

"ಹೋದ ತಿಂಗಳು ಮಾರ್ಕೆಟ್ಟಲ್ಲಿ ಎದುರಿಗೆ ಸಿಕ್ಕಿದ್ಲು ಅವಳು," ಎಂದ. "ನಮಸ್ಕಾರ ಅಣ್ಣಾ ಅಂದ್ಲು. ನಾನು ಮುಖ ತಿರುಗಿಸ್ಕೊಂಡು ಹೋದೆ. ನನ್ನ ಹೆಂಡತಿ ಪುಸ್ತಕ ತಪ್ಪಲ್ಲ ಅಂತ ಊರೆಲ್ಲಾ ಹೇಳ್ಕೊಂಡು ಬಂದಿದೀನಿ."

ಅವಳು ನೆಲಕ್ಕೆ ಬಿದ್ದಿದ್ದ ಬಟ್ಟೆಯನ್ನು ಎತ್ತಿ ಮಡಚಿಟ್ಟಳು.

"ನಾಳೆ ಬೆಳಿಗ್ಗೆ ಅವಳ ಮನೆಗೆ ಹೋಗೋದು. ಹೇಳೋಳು ನೀನು. ನಾನು ಪಕ್ಕದಲ್ಲಿ ನಿಂತಿರ್ತೀನಿ, ಅಷ್ಟೇ."

"ಬಾಗಿಲು ತೆಗೀದಿದ್ರೆ?"

"ನಿಂತಿರೋಣ."

ತಂಗಿ ಮೆಲ್ಲಗೆ ಕೆಮ್ಮಿದಳು. "ಭಾವ, ಹಡಗು ಬೇಡ್ವಾ ಹಾಗಾದ್ರೆ? ಇನ್ನು ಎಂಟೇ ನಿಮಿಷ. ನಾಲ್ಕು ಜನಾನೂ ಅಭ್ಯಾಸಕ್ಕೆ ಖುದ್ದಾಗಿ ಬರ್ತೀವಿ ಅಂತ ಕೊನೇಲಿ ಒಂದು ರೈಟು ಹಾಕ್ಬೇಕು."

ಅವನು ಸುಕ್ಕುಗಟ್ಟಿದ ಕೈಯಿಂದ ಲ್ಯಾಪ್‌ಟಾಪನ್ನು ಹೆಂಡತಿಯ ಕಡೆ ತಳ್ಳಿದ. "ಹಾಕು."

ಹಾಜರಕ್ಕ ಆ ದಿನ ಮೊದಲ ಸಲ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ಸಣ್ಣ ಖಾಲಿ ಚೌಕ. ಹಾಕಲಿಲ್ಲ. ಮೊಬೈಲು ತೆಗೆದು ತಂಗಿಯ ಗಂಡನಿಗೆ ಫೋನು ಮಾಡಿದಳು. ಬಹಳ ಹೊತ್ತು ರಿಂಗಾದ ಮೇಲೆ ನಿದ್ದೆಗಣ್ಣಿನ ದನಿ ಬಂತು.

"ನೋಡಪ್ಪಾ, ಸೀಟಿ ಕೂಗಿದಾಗ ನೀನೇ ಎದ್ದು ಬರ್ತೀಯಾ?"

"ಬರ್ತೀನಿ ಅಕ್ಕಾ," ಎಂದ ಅವನು. "ಎಲ್ಲಿಗೆ?"

ತಂಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಗಂಡ ನಗಲಿಲ್ಲ. ಆದರೆ ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತ.

ಅವಳು ಎಲ್ಲಿಗೆ, ಯಾವ ದಿನ, ಎಷ್ಟು ಸೀಟಿ ಎಂದು ಅವನಿಗೆ ಬಿಡಿಸಿ ಹೇಳಿ, ಇನ್ನೊಂದು ಸಲ "ಬರ್ತೀನಿ" ಅನ್ನಿಸಿಕೊಂಡು, ಆಮೇಲೆ ರೈಟು ಹಾಕಿದಳು. ಹೆದರಿಕೆ ಮಾತ್ರ ಹೋಗಲಿಲ್ಲ. ಅದು ಈಗ ಸಮುದ್ರದ್ದಾಗಿರಲಿಲ್ಲ, ನಾಳೆ ಬೆಳಿಗ್ಗೆ ತಟ್ಟಬೇಕಾದ ಒಂದು ಬಾಗಿಲಿನದು.