ಅಪ್ಪನ ಅಂಗೈ, ಅಣ್ಣನ ಇಂಜಿನ್

ಅಪ್ಪನ ಕಿವಿಯನ್ನು ಗ್ಯಾರೇಜಿನ ಸದ್ದೇ ತಿಂದುಹಾಕಿತು. ಈಗ ಅವರು ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾರೆ, ಇಂಜಿನ್ ಮೇಲೆ ಅಂಗೈ ಊರಿ ಅದರ ಕಾಯಿಲೆ ಹೇಳುತ್ತಾರೆ. ಆ ಅಂಗೈ ಮುಟ್ಟದೆ ನಮ್ಮಲ್ಲಿಂದ ಯಾವ ಗಾಡಿಯೂ ಹೊರಗೆ ಹೋಗುವುದಿಲ್ಲ. ಅವರಿಗೆ ಉಳಿದಿರುವ ಕೆಲಸ ಅದೊಂದೇ.

ಅಣ್ಣನಿಗೆ ರೇಸಿನ ಹುಚ್ಚು. ಅವನ ಕಾರಿಗೆ ಅಪ್ಪನೇ ಕಟ್ಟಿಕೊಟ್ಟಿದ್ದ ಇಂಜಿನ್ನಿನಿಂದ ಬ್ಯಾಲೆನ್ಸ್ ಶಾಫ್ಟ್ ಎರಡನ್ನೂ ಅವರಿಲ್ಲದಾಗ ಕಿತ್ತ. ಇಂಜಿನ್ನಿನ ನಡುಕ ನುಂಗಿಕೊಳ್ಳುವುದು ಅವುಗಳ ಕೆಲಸ. ಆದರೆ ಅವನ್ನು ತಿರುಗಿಸಲು ಒಂದಿಷ್ಟು ಪವರ್ ಖರ್ಚಾಗುತ್ತದೆ.

"ದಂಡಪಿಂಡಗಳು. ಕೂತು ತಿನ್ನೋಕೆ ಇದಾವೆ," ಎಂದ, ನನ್ನ ಮುಖ ನೋಡಿಕೊಂಡೇ.

ಅಪ್ಪ ಬೇಡ ಅಂದಿದ್ದಾರೆ ಎಂದು ನಾನಂದರೆ, ಸ್ಕೂಲು ಬಿಟ್ಟವನು ನನಗೆ ಪಾಠ ಹೇಳಬೇಡ ಎಂದು ಬಾಯಿ ಮುಚ್ಚಿಸಿದ. ಶಾಫ್ಟುಗಳು ಅವತ್ತೇ ಗುಜರಿ ಸೇರಿದವು.

ಮರುದಿನ ಅಪ್ಪ ಎಂದಿನಂತೆ ಬಂದು, ಓಡುತ್ತಿದ್ದ ಇಂಜಿನ್ ಮೇಲೆ ಕೈಯಿಟ್ಟರು. ತಟ್ಟನೆ ತೆಗೆದರು. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಇಟ್ಟರು.

"ಏನಾದ್ರೂ ಬಿಚ್ಚಿದ್ರೇನೋ?"

ಅಣ್ಣ ಅವರಿಗೆ ಕಾಣುವಂತೆ ನಿಧಾನವಾಗಿ ತುಟಿ ಆಡಿಸಿದ. "ಇಲ್ಲಪ್ಪ. ನಿಮ್ಮ ಕೈಯೇ ನಡುಗ್ತಿದೆ. ವಯಸ್ಸಾಯ್ತಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು, ಇವನು ಶಾಫ್ಟ್ ಕಿತ್ತಿದ್ದಾನೆ ಎಂದು ಕಿರುಚಿದೆ. ಕಿರುಚುವವನ ತುಟಿ ಓದಲು ಅಪ್ಪನಿಗೆ ಬರುವುದಿಲ್ಲ. ಏನಂತೆ ಇವನದು ಎಂದು ಅಣ್ಣನನ್ನೇ ಕೇಳಿದರು. ಬೆಳಿಗ್ಗೆಯಿಂದ ಸುಮ್ಮನೆ ಜಗಳ ಕಾಯುತ್ತಿದ್ದಾನೆ ಎಂದ ಅವನು.

ಅಪ್ಪ ತಮ್ಮ ಅಂಗೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡರು.

ಪಕ್ಕದಲ್ಲಿ ಡಾಕ್ಟರಮ್ಮನ ಕಾರಿತ್ತು. ನಡುಕವೇ ಇಲ್ಲದ ಬೆಣ್ಣೆಯಂಥ ಇಂಜಿನ್, ಅದನ್ನು ಮುಟ್ಟಿದರೆ ತಮ್ಮ ಕೈ ಸರಿಯಿದೆಯೆಂದು ಅಪ್ಪನಿಗೆ ತಾನಾಗಿಯೇ ಗೊತ್ತಾಗುತ್ತದೆ. ಸ್ಟಾರ್ಟ್ ಮಾಡಿ, ಅಪ್ಪನನ್ನು ಎಳೆದು ತಂದು, ಅವರ ಅಂಗೈ ಅದರ ಮೇಲಿಟ್ಟು, ಎಲ್ಲಿ ಎತ್ತಿಬಿಡುತ್ತಾರೋ ಎಂದು ನನ್ನ ಕೈಯಿಂದ ಒತ್ತಿ ಹಿಡಿದೆ. ಸಿಟ್ಟಿಗೆ ನನ್ನ ಕೈ ಗಡಗಡ ನಡುಗುತ್ತಿತ್ತು. ಅದು ನನಗೆ ತಿಳಿದದ್ದು ಅಪ್ಪನ ಮುಖ ನೋಡಿದ ಮೇಲೆ.

"ಇಲ್ಲೂ ನಡುಗ್ತಿದೆ," ಎಂದರು ಮೆಲ್ಲಗೆ. "ನಿಮ್ಮಣ್ಣ ಹೇಳಿದ್ದೇ ಸರಿ ಕಣೋ."

ಕೈ ಬಿಡಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತು, ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡರು. ಅಣ್ಣ ತನ್ನ ಕಾರು ತೆಗೆದುಕೊಂಡು ಹೊರಟುಹೋದ. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕಿರುಚದೆ, ಒಂದೊಂದೇ ಮಾತನ್ನು ಬಿಡಿಸಿ ಹೇಳತೊಡಗಿದೆ.

ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು.