ದೇವರ ಕೋಣೆಯ ವೈಫೈ

ನಮ್ಮ ಯಜಮಾನರು ಸಿದ್ದಮಲ್ಲಪ್ಪನವರು ನಂಜನಗೂಡಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ಇಟ್ಟಿದ್ದವರು. ಸುತ್ತಮುತ್ತಲ ಊರಿನ ಎಷ್ಟೋ ಮದುವೆಗಳ ಪತ್ರಿಕೆ ಅವರ ಕಂಪ್ಯೂಟರಿನಲ್ಲೇ ತಯಾರಾದದ್ದು. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಅಂಗಡಿ ಮುಚ್ಚಿ ಕಂಪ್ಯೂಟರನ್ನು ನಮ್ಮೂರು ಕಳಲೆಯ ಮನೆಗೆ ತಂದೆವು. ಗುಜರಿಯವನೂ ಮೂಸದಂಥ ಹಳೆಯ ಪೆಟ್ಟಿಗೆ. ನಾನು ಅದರ ಮೇಲೆ ಬಟ್ಟೆ ಮಡಚಿ ಇಡುತ್ತಿದ್ದೆ.

ಬುದ್ಧಿ ಮಾತ್ರ ಅವರದು ಮೊದಲಿನಷ್ಟೇ ಚುರುಕು. ಏನು ಬೇಕೆಂದು ಹೇಳಲಾಗದೆ ಅವರು ಒದ್ದಾಡುವುದು, ನಾನು ನೀರೆಂದು ಊಹಿಸಿ ನೀರು ಕೊಡುವುದು, ಅವರು ಲೋಟ ತಳ್ಳುವುದು, ನಾನು ರೇಗುವುದು. ದಿನವೂ ಇದೇ ಪಾಡು. ಫೋನಿನ ಪುಟ್ಟ ಅಕ್ಷರಗಳು ಅವರ ಎಡಗೈಗೆ ದಕ್ಕಲಿಲ್ಲ.

ಒಂದು ಬೆಳಿಗ್ಗೆ ನಾನು ಡೈರಿಗೆ ಹಾಲು ಹಾಕಲು ಹೋದಾಗ ಅವರು ಮಂಚದಿಂದ ಬಿದ್ದು, ಕೂಗಲೂ ಆಗದೆ ನೆಲದ ಮೇಲೇ ಇದ್ದರು. ಅಂದಿನಿಂದ ಹಾಲು ಅಳೆಸಿದವಳೇ ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಿದ್ದೆ. ಹೀಗೆ ಎಷ್ಟು ದಿನ? ಹಸುಗಳನ್ನು ಮಾರಿ ಮನೆಯಲ್ಲೇ ಕೂರುತ್ತೇನೆಂದು ಹಟ ಹಿಡಿದೆ. ಹಸು ಹೋದರೆ ನಾಲ್ಕು ಜನರ ಮುಖ ನೋಡುವುದೂ ತಪ್ಪುತ್ತದೆಂದು ಗೊತ್ತಿತ್ತು. ಕೊಳ್ಳುವವನು ಸೋಮವಾರ ಮಧ್ಯಾಹ್ನ ಬರುವವನಿದ್ದ.

ಭಾನುವಾರ ನನ್ನ ತಂಗಿಯ ಮಗ ಅಮೃತೇಶ್ ಬಂದ. ನಂಜನಗೂಡಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ಬಟ್ಟೆಗಳನ್ನೆಲ್ಲ ಕೆಳಗಿಳಿಸಿ ಕಂಪ್ಯೂಟರ್ ಹಚ್ಚಿ, ಕೀಬೋರ್ಡನ್ನು ಅವರ ತೊಡೆಯ ಮೇಲಿಟ್ಟ. ಎಡಗೈ ತಡಕುತ್ತ ತಡಕುತ್ತ ಪರದೆಯ ಮೇಲೆ 'ಕಾಫಿ' ಎಂದು ಮೂಡಿಸಿತು. ಇಷ್ಟು ದಿನ ಈ ಮನುಷ್ಯನಿಗೆ ನೀರು ಕುಡಿಸಿದ್ದೆನಲ್ಲ ಎಂದು ನನಗೆ ನಗುವೂ ಬಂತು, ಅಳುವೂ ಬಂತು.

ಇದನ್ನು ವೈಫೈಗೆ ಸೇರಿಸಿಬಿಟ್ಟರೆ ದೊಡ್ಡಪ್ಪ ಬರೆದದ್ದು ನಿನ್ನ ಫೋನಿಗೇ ಬರುತ್ತದೆ ಎಂದ ಅಮೃತೇಶ್. ಟಿವಿಗೆಂದು ಹಾಕಿಸಿದ ಹೊಸ ವೈಫೈ ಮನೆಯಲ್ಲಿತ್ತು. ಅವನು ಪೇಟೆಗೆ ಹೋಗಿ, ಹಳೆಯ ಯಂತ್ರಕ್ಕೆ ಒಗ್ಗುವ ಬೆರಳುದ್ದದ ಅಡಾಪ್ಟರ್ ಹುಡುಕಿ ತಂದು ಚುಚ್ಚಿದ. ಪಕ್ಕದ ಮನೆ ದೇವೀರಮ್ಮನ ವೈಫೈ ಕಂಡಿತು, ನಮ್ಮದು ಕಾಣಲಿಲ್ಲ. ನಮ್ಮದನ್ನು ಹೊಸ ಯಂತ್ರಗಳಿಗೆ ಮಾತ್ರ ಕಾಣುವಂತೆ ಇಟ್ಟಿದ್ದಾರೆ, ಹಳೆಯದಕ್ಕೂ ಕಾಣುವಂತೆ ಬದಲಾಯಿಸಬೇಕು, ಅದಕ್ಕೆ ವೈಫೈ ಡಬ್ಬಿಯ ಹಿಂದಿನ ಚೀಟಿಯಲ್ಲಿರುವ ಪಾಸ್‌ವರ್ಡ್ ಬೇಕು ಎಂದ.

ಡಬ್ಬಿ ಇದ್ದದ್ದು ದೇವರ ಕೋಣೆಯಲ್ಲಿ. ಮನೆಗೆ ಬಂದ ಹೊಸ ವಸ್ತುವನ್ನು ದೇವರ ಮುಂದಿಡದೆ ಇನ್ನೆಲ್ಲಿ ಇಡುತ್ತಾರೆ? ಸ್ನಾನ ಮಾಡದೆ ಒಳಗೆ ಕಾಲಿಡಬೇಡ ಎಂದೆ. ಗೊಣಗುತ್ತಲೇ ಮಿಂದು ಬಂದು ಡಬ್ಬಿಯನ್ನು ತಿರುಗಿಸಿ ನೋಡಿದ. ಚೀಟಿಯ ಮೇಲೆಲ್ಲ ವಿಭೂತಿ. ಮುಂಭಾಗದಲ್ಲಿ ಮಿಣುಕುವ ದೀಪಗಳು ಮುಚ್ಚಿಹೋಗುತ್ತವೆಂದು, ನಾನು ಪ್ರತಿ ಸೋಮವಾರ ಅದರ ಬೆನ್ನಿಗೆ ವಿಭೂತಿ ಕಲಸಿ ಮೂರು ಪಟ್ಟೆ ಎಳೆಯುತ್ತಿದ್ದೆ. ಒರೆಸಿದರೆ ವಿಭೂತಿಯ ಜೊತೆ ಚೀಟಿಯ ಅಕ್ಷರಗಳೂ ಅಳಿಸಿಹೋದವು.

"ಅಲ್ಲ ದೊಡ್ಡಮ್ಮ, ವೈಫೈಗೂ ಲಿಂಗದೀಕ್ಷೆ ಮಾಡ್ಬುಟ್ಟಿದ್ದೀಯಲ್ಲ" ಎಂದ.

ನಾನೇ ಕೈಯಾರೆ ಅವರ ಬಾಯಿ ಕಟ್ಟಿದಂತಾಯಿತಲ್ಲ. ಅಮೃತೇಶ್ ನಮ್ಮ ಮನೆಗೆ ವೈಫೈ ಲೈನ್ ಹಾಕಿದ್ದ ರವಿಕುಮಾರನಿಗೆ ಫೋನ್ ಮಾಡಿದ. ಪುಣ್ಯಾತ್ಮ, ಡಬ್ಬಿ ಕೂರಿಸಿದ ದಿನ ಆ ಚೀಟಿಯ ಫೋಟೊ ತೆಗೆದಿಟ್ಟುಕೊಂಡಿದ್ದ. ರಜೆಯ ದಿನವಾದರೂ ಬೇಸರಿಸದೆ ಹುಡುಕಿ ಕಳಿಸಿದ. ಅವನ ಹೊಟ್ಟೆ ತಣ್ಣಗಿರಲಿ. ಸಂಜೆಯ ಹೊತ್ತಿಗೆ ಹಳೆಯ ಪೆಟ್ಟಿಗೆಗೆ ನಮ್ಮ ಮನೆಯ ವೈಫೈ ಕಂಡಿತು. ಗಿರಾಕಿಗಳಿಗೆ ಪತ್ರಿಕೆಯ ಚಿತ್ರ ಕಳಿಸುತ್ತಿದ್ದ ಹಾಗೆಯೇ ಕಳಿಸು ದೊಡ್ಡಪ್ಪ, ಸಾಕು ಎಂದು ಹೇಳಿಕೊಟ್ಟು ಹೋದ. ಅವರು ತಲೆಯಾಡಿಸಿದರು.

ಸೋಮವಾರ ಬೆಳಿಗ್ಗೆ ಡೈರಿಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ಫೋನು ಸದ್ದು ಮಾಡಿತು. ಬಿದ್ದರೇನೋ ಎಂದು ಹಾಲಿನ ಕ್ಯಾನನ್ನು ಕೆಳಗಿಟ್ಟೆ. ತೆರೆದರೆ ಸುತ್ತ ಹೂಬಳ್ಳಿ ಬಿಡಿಸಿದ ಲಗ್ನಪತ್ರಿಕೆ.

'ಶ್ರೀ ನಂಜುಂಡೇಶ್ವರ ಪ್ರಸನ್ನ. ಸೌಭಾಗ್ಯವತಿ ಮಂಗಳಮ್ಮನವರಲ್ಲಿ ವಿಜ್ಞಾಪನೆಗಳು. ನಾನು ಚೆನ್ನಾಗಿ ಕೂತಿದ್ದೇನೆ. ಹಸುಗಳನ್ನು ಮಾರಬೇಡಿ. ಓಡಿ ಬರಬೇಡಿ, ನಾಲ್ಕು ಮಾತಾಡಿಕೊಂಡು ನಿಧಾನವಾಗಿ ಬನ್ನಿ. ನೀವು ನೋಡಿಕೊಂಡಂತೆ ನನ್ನ ಹೆತ್ತವ್ವನೂ ನೋಡಿಕೊಂಡಿರಲಿಲ್ಲ. ತಮ್ಮ ಸುಖಾಗಮನವನ್ನು ಬಯಸುವ, ಸಿದ್ದಮಲ್ಲಪ್ಪ.'

ಮಾತು ಬರುತ್ತಿದ್ದ ಕಾಲದಲ್ಲೂ ಆ ಮನುಷ್ಯ ನನ್ನನ್ನು ನೀವು ಎಂದವರಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಹಿಂದೆ ನಿಂತಿದ್ದ ದೇವೀರಮ್ಮ ಹೂಬಳ್ಳಿ ನೋಡಿ, ಯಾರ ಮದುವೆ ಎಂದು ಇಣುಕಿದಳು.

"ನಮ್ದೇ ಕಣವ್ವ" ಎಂದೆ.

ಹಾಲು ಹಾಕಿ, ಹಸು ಕೊಳ್ಳುವವನಿಗೆ ಬರಬೇಡವೆಂದು ಫೋನ್ ಮಾಡಿ, ದೇವೀರಮ್ಮನ ಜೊತೆ ಡೈರಿಯ ಜಗಲಿಯ ಮೇಲೆ ಕೂತೆ.