ಪಂಚಾಕ್ಷರಪ್ಪನ ಪಲ್ಟನ್ನು

ಶಿಕಾರಿಪುರದಲ್ಲಿ ಮಾಜಿ ಸೈನಿಕನಿಗೆ ಮರ್ಯಾದೆಗೇನೂ ಬರವಿಲ್ಲ. ಆಗಸ್ಟ್ ಹದಿನೈದಕ್ಕೆ ಕರೆದು ಶಾಲು ಹೊದಿಸುತ್ತಾರೆ, ಕೈಗೊಂದು ಹಣ್ಣಿನ ಬುಟ್ಟಿ ಕೊಡುತ್ತಾರೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ವಾಟ್ಸಾಪಿನಲ್ಲಿ ಹಾಕಿಕೊಳ್ಳುತ್ತಾರೆ. ಹದಿನಾರನೇ ತಾರೀಖು ಅದೇ ಜನರ ಹತ್ತಿರ ಹೋಗಿ, ಎಲ್ಲಾದರೂ ಒಂದು ಕೆಲಸ ಇದ್ದರೆ ಹೇಳಿ ಎಂದು ಕೇಳಿ ನೋಡಿ. "ನಿಮಗೇನ್ರಿ, ಪೆನ್ಷನ್ ಬರ್ತೈತಲ್ಲ" ಎನ್ನುತ್ತಾರೆ. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, ಮಿಲಿಟರಿ ಕ್ಯಾಂಟೀನಿನ ರಮ್ಮು ಎರಡು ಬಾಟಲಿ ಸಿಗಬಹುದಾ ಎಂದು ಕೇಳುತ್ತಾರೆ. ಹಣೆ ತುಂಬ ವಿಭೂತಿ ಹಚ್ಚಿಕೊಂಡವರೂ ನನ್ನನ್ನು ಕೇಳಿದ್ದಾರೆ. ಕಾಲುನೋವಿಗೆ ತಿಕ್ಕಿಕೊಳ್ಳಲಂತೆ.

ನನ್ನ ಹೆಸರು ಮಾಸ್ತಪ್ಪ. ಸೊರಬದ ಕಡೆಯವನು, ಹವಾಲ್ದಾರನಾಗಿ ನಿವೃತ್ತನಾದವನು. ಪೆನ್ಷನ್ ಬರುವುದೇನೋ ನಿಜ. ಬಂದ ದಿನವೇ ಬ್ಯಾಂಕಿನವರು ಅದನ್ನು ಸಾಲದ ಕಂತಿಗೆ ಹಿಡಿದುಕೊಳ್ಳುತ್ತಾರೆ. ಸೈನ್ಯದಿಂದ ಬಂದವನು ತೆಪ್ಪಗಿರಲಾರದೆ ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ಕುಡಿಯುವ ನೀರಿನ ಕ್ಯಾನ್ ತುಂಬಿಸುವ ಘಟಕ ಹಾಕಿದ್ದೆ. ಹೋಟೆಲಿನವನು ದುಡ್ಡು ನಾಳೆ ಕೊಡುತ್ತೇನೆ ಎಂದರೆ ನಾಳೆ ಕೊಡುತ್ತಾನೆ ಎಂದು ನಂಬುವ ಮೂರ್ಖ ಇಡೀ ಸೊರಬದಲ್ಲಿ ನಾನೊಬ್ಬನೇ ಇದ್ದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಘಟಕ ಮುಚ್ಚಿತು, ಸಾಲ ಉಳಿಯಿತು. ನೆಂಟರ ಮುಖ ನೋಡಲಾರದೆ ಹೆಂಡತಿ ರೇಣುಕಾಂಬಳನ್ನು ಕರೆದುಕೊಂಡು ಶಿಕಾರಿಪುರಕ್ಕೆ ಬಂದು ಬಾಡಿಗೆ ಮನೆ ಹಿಡಿದೆ. ಅವಳು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದಳು. ನಾನು ಕ್ಯಾಪ್ಟನ್ ಪಂಚಾಕ್ಷರಪ್ಪನ ಸೆಕ್ಯುರಿಟಿ ಏಜೆನ್ಸಿಗೆ ಸೇರಿದೆ.

ಈ ಪಂಚಾಕ್ಷರಪ್ಪ ಸುಬೇದಾರ್ ಮೇಜರ್ ಆಗಿದ್ದವನು. ನಿವೃತ್ತಿಯ ಹೊತ್ತಿಗೆ ಕೆಲವರಿಗೆ ಗೌರವಕ್ಕೆಂದು ಕ್ಯಾಪ್ಟನ್ ಪದವಿ ಕೊಡುತ್ತಾರೆ, ಅದು ಇವನಿಗೂ ಸಿಕ್ಕಿತು. ಅದನ್ನು ಅವನು ಜೀಪಿನ ಗಾಜಿನ ಮೇಲೆ, ಮನೆಯ ಗೇಟಿನ ಮೇಲೆ, ಮಗಳ ಮದುವೆಯ ಕರೆಯೋಲೆಯಲ್ಲಿ, ಎಲ್ಲ ಕಡೆ ಹಾಕಿಸಿಕೊಂಡ. ಗೌರವಕ್ಕೆ ಕೊಟ್ಟದ್ದು ಎನ್ನುವುದನ್ನು ಮಾತ್ರ ಎಲ್ಲೂ ಹಾಕಿಸಲಿಲ್ಲ. ಎಪಿಎಂಸಿ ಯಾರ್ಡಿನ ಹಿಂದೆ ಹೊರಗಿನ ಕಂಪನಿಯೊಂದರ ಅಡಿಕೆ ಗೋದಾಮಿದೆ. ಕಾವಲಿಗೆ ಮಾಜಿ ಸೈನಿಕರೇ ಬೇಕು ಎಂದು ಆ ಕಂಪನಿಯವರು ಹೆಚ್ಚಿಗೆ ಸಂಬಳ ಕೊಡುತ್ತಿದ್ದರು. ನಾವು ಆರು ಜನ ಅಲ್ಲಿದ್ದೆವು. ಸಂಬಳ ನಮ್ಮ ಹೆಸರಿನ ಖಾತೆಗೇ ಬೀಳುತ್ತಿತ್ತು, ಆದರೆ ಎಟಿಎಂ ಕಾರ್ಡುಗಳೆಲ್ಲ ಪಂಚಾಕ್ಷರಪ್ಪನ ಕಪಾಟಿನಲ್ಲಿ. ತಿಂಗಳಿಗೊಮ್ಮೆ ದುಡ್ಡು ತೆಗೆದು ಅರ್ಧ ತಾನಿಟ್ಟುಕೊಂಡು, ಉಳಿದರ್ಧ ಕವರಿಗೆ ಹಾಕಿ ನಮ್ಮ ಕೈಗೆ ಕೊಡುತ್ತಿದ್ದ. ಕೇಳಿದರೆ ವೆಲ್‌ಫೇರ್ ಫಂಡ್ ಎನ್ನುತ್ತಿದ್ದ. ಯಾರ ವೆಲ್‌ಫೇರ್ ಎನ್ನುವುದು ಅವನ ಹೊಟ್ಟೆ ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ತಿನ್ನುವ ಕಂಟ್ರಾಕ್ಟರುಗಳು ಎಲ್ಲ ಊರಲ್ಲೂ ಇದ್ದಾರೆ. ಇವನನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿದ್ದದ್ದು ಬೇರೆ ಕಾರಣಕ್ಕೆ. ನಮ್ಮನ್ನು ದೋಚುವಾಗಲೂ ಅವನು ಸೈನ್ಯದ ಮಾತನ್ನೇ ಆಡುತ್ತಿದ್ದ. ಪಲ್ಟನ್ನಿನ ಇಜ್ಜತ್ತು, ಹುಡುಗರ ಜೋಶ್, ದೇಶದ ಉಪ್ಪು. ಜೀಪಿನಿಂದ ಇಳಿಯುತ್ತಲೇ "ಕೈಸೇ ಹೋ ಜವಾನ್!" ಎನ್ನುತ್ತಿದ್ದ. ಐವತ್ತರ ಹತ್ತಿರದ ಜವಾನರು ನಾವು ಬೀಡಿ ಎಸೆದು ಎದ್ದು ನಿಂತು "ರಾಮ್ ರಾಮ್ ಸಾಬ್" ಎನ್ನುತ್ತಿದ್ದೆವು. ನಮ್ಮಲ್ಲಿ ಸಣ್ಣಬೀರಪ್ಪ ಎಂಬವನಿಗೆ ಮಂಡಿ ಸವೆದಿತ್ತು, ಏಳಬೇಕಾದರೆ ಗೋಡೆ ಹಿಡಿಯಬೇಕಿತ್ತು. ಆ ಜೀಪಿನ ಸದ್ದಿಗೆ ಮಾತ್ರ ಅವನು ಗೋಡೆ ಹಿಡಿಯದೆ ಏಳುತ್ತಿದ್ದ. ನಮ್ಮನ್ನು ಹಾಳು ಮಾಡಲು ಪಂಚಾಕ್ಷರಪ್ಪನೇ ಬರಬೇಕಿರಲಿಲ್ಲ. ನಾವು ಮೊದಲೇ ಹದವಾಗಿದ್ದೆವು.

ಅಷ್ಟರಲ್ಲಿ ರೇಣುಕಾಂಬಳ ಕುತ್ತಿಗೆ ಹಿಡಿದುಕೊಂಡಿತು. ದಿನವಿಡೀ ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ, ಪಕ್ಕದಲ್ಲಿ ಯಾರಾದರೂ ಕರೆದರೆ ಮೈಯನ್ನೇ ತಿರುಗಿಸಿ ನೋಡುವಂತಾಗಿದ್ದಳು. ಇದೇ ಕೆಲಸದಲ್ಲಿ ಮುಂದುವರಿದರೆ ಕೈಯ ಬಲವೂ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಅವಳು ಕೆಲಸ ಬಿಟ್ಟರೆ ನನ್ನ ಅರ್ಧ ಸಂಬಳದಲ್ಲಿ ಮನೆ ನಡೆಯುವುದಿಲ್ಲ. ಪೂರ್ತಿ ಸಂಬಳ ಬಂದರೆ ನಡೆಯುತ್ತದೆ. ಲೆಕ್ಕ ಅಷ್ಟು ಸುಲಭವಾಗಿತ್ತು.

ನಾನು ಗೋದಾಮಿನ ಬೋರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಹುಬ್ಬಳ್ಳಿಯ ಆಫೀಸಿನ ಹೆಂಗಸೊಬ್ಬರು ಎಲ್ಲ ಕೇಳಿಸಿಕೊಂಡರು. "ಫೋನಿನ ಮೇಲೆ ನಾವು ಏನೂ ಮಾಡೋಕೆ ಬರಲ್ರೀ. ಗುರುವಾರ ನಮ್ಮ ಆಫೀಸರ್ ಅಲ್ಲಿಗೆ ಬರ್ತಾರೆ. ಅವರ ಎದುರಿಗೆ ಬಾಯಿಬಿಟ್ಟು ಹೇಳಿ, ಸಾಕು. ಮುಂದಿನ ತಿಂಗಳಿಂದ ನಿಮ್ಮ ಕಾರ್ಡು ನಿಮ್ಮ ಕೈಲಿರತ್ತೆ" ಎಂದರು.

ಅದನ್ನು ರೇಣುಕಾಂಬಳಿಗೆ ಹೇಳಿದೆ.

"ಎಂತ ಹೇಳ್ಬೇಕು ನೀವು?"

"ಅರ್ಧ ಸಂಬಳ ಕ್ಯಾಪ್ಟನ್ ತಿಂತಾನೆ ಅಂತ. ಅಷ್ಟೇ."

"ಅಷ್ಟೇಯಾ! ಹೇಳ್ತೀರಿ ತಾನೇ?"

"ಎದುರಿಂದ ಗುಂಡು ಬರೋ ಜಾಗದಲ್ಲಿ ನಿಂತು ಬಂದೋನು ನಾನು. ಆ ಡುಮ್ಮಣ್ಣಂಗೆ ಹೆದರ್ತೀನಾ?"

ಅವಳು ನಕ್ಕಳು. ಆ ನಗು ನೋಡಿ ನನಗೆ ನನ್ನ ಮೇಲೆ ಭಾರಿ ಅಭಿಮಾನ ಉಕ್ಕಿತು.

ಜೊತೆಯವರನ್ನೂ ಒಪ್ಪಿಸಿದೆ. ಸಣ್ಣಬೀರಪ್ಪ, ನೀನು ಹೇಳಿದರೆ ನಾನೂ ಹೇಳುತ್ತೇನೆ ಎಂದ. ನಮ್ಮಲ್ಲೆಲ್ಲ ಚಿಕ್ಕವನಾದ ಲೋಕೇಶ, "ಮೊದ್ಲು ನೀವು ಶುರು ಮಾಡ್ರಿ ಹವಾಲ್ದಾರ್ ಸಾಬ್, ನಾವೆಲ್ಲ ನಿಮ್ ಹಿಂದೆ ಅದೀವಿ" ಎಂದ. ಹಿಂದೆ ಇರುವುದೆಂದರೆ ನಮ್ಮವರಿಗೆ ಬಹಳ ಪ್ರೀತಿ.

ಗುರುವಾರ ಆಫೀಸರ್ ಬಂದ. ಹೇಮಂತ್ ಎಂದು ಹೆಸರು, ಇನ್ನೂ ಹುಡುಗ, ಒಳ್ಳೆಯವನ ಹಾಗೆ ಕಾಣುತ್ತಿದ್ದ. ಯಾರು ಸುದ್ದಿ ಮುಟ್ಟಿಸಿದರೋ, ಪಂಚಾಕ್ಷರಪ್ಪ ಅವನಿಗಿಂತ ಮೊದಲೇ ಹಾಜರಿದ್ದ. ಆ ಸೆಕೆಯಲ್ಲೂ ಕೋಟು ಹಾಕಿ, ಕೋಟಿನ ಮೇಲೆ ಪದಕಗಳನ್ನು ಸಾಲಾಗಿ ಚುಚ್ಚಿಕೊಂಡಿದ್ದ. ಅಡಿಕೆ ಚೀಲಗಳ ಮುಂದೆ ನಮ್ಮ ಆರು ಜನರನ್ನು ಸಾಲಾಗಿ ನಿಲ್ಲಿಸಿದ. ಹೇಮಂತ್ ಮೆತ್ತಗೆ, "ಸಂಬಳದ ವಿಷಯಕ್ಕೆ ನಮಗೊಂದು ಫೋನ್ ಬಂದಿತ್ತು. ಯಾರಿಗಾದರೂ ತೊಂದರೆ ಇದ್ದರೆ ಹೇಳಿ, ಹೆದರಬೇಡಿ. ಹೇಳಿದವರ ಕೆಲಸಕ್ಕೆ ನಾನು ಜವಾಬ್ದಾರಿ" ಎಂದ.

ಇದಕ್ಕಿಂತ ಚೆನ್ನಾಗಿ ಯಾರು ಕೇಳುತ್ತಾರೆ? ಹೇಳಬೇಕಾದ ಮಾತು ನನ್ನ ನಾಲಗೆಯ ಮೇಲೇ ಇತ್ತು. ಎದೆ ತುಂಬ ಉಸಿರೆಳೆದುಕೊಂಡೆ.

"ಒಂದ್ನಿಮಿಷ ಸರ್," ಎಂದು ಪಂಚಾಕ್ಷರಪ್ಪ ಮುಂದೆ ಬಂದ. "ಇವ್ರು ಫೌಜಿಗಳು ರೀ. ಹಿಂಗೆ ಕೇಳಿದ್ರೆ ನಾಚ್ಕಂತಾರೆ. ತಡೀರಿ, ನಾನು ಕೇಳ್ತೀನಿ."

ನಮ್ಮ ಕಡೆ ತಿರುಗಿ ಹೊಟ್ಟೆ ಒಳಗೆಳೆದುಕೊಂಡ. ಅವನ ದನಿಯೇ ಬದಲಾಯಿತು.

"ಗಾರ್ಡ್, ಸಾವ್‌ಧಾನ್!"

ಆರು ಜೊತೆ ಹಿಮ್ಮಡಿ ಒಟ್ಟಿಗೆ ಕೂಡಿದವು.

"ಕಿಸೀ ಕೋ ಕೋಯೀ ಶಿಕಾಯತ್?"

ಯಾರಿಗಾದರೂ ಏನಾದರೂ ದೂರಿದೆಯಾ ಎಂದು ಅದರ ಅರ್ಥ. ಸೈನ್ಯದಲ್ಲಿ ಎಲ್ಲರನ್ನೂ ಒಂದೆಡೆ ಸೇರಿಸಿದಾಗಲೆಲ್ಲ ದೊಡ್ಡ ಸಾಹೇಬರು ಕೊನೆಗೆ ಕೇಳುವ ಪ್ರಶ್ನೆ ಅದು. ದೂರು ಇರಲಿಲ್ಲ ಎಂದಲ್ಲ. ಅನ್ನದಲ್ಲಿ ಕಲ್ಲಿರುತ್ತಿತ್ತು, ರಜೆ ಸಿಗದೆ ಹೆತ್ತವರ ಮಣ್ಣಿಗೆ ಹೋಗಲಾಗದವರು ಅದೇ ಸಾಲಿನಲ್ಲಿ ನಿಂತಿರುತ್ತಿದ್ದರು. ಆದರೂ ಆ ಪ್ರಶ್ನೆಗೆ ಉತ್ತರ ಒಂದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲಿತು, ನಿವೃತ್ತಿಯವರೆಗೂ ಕೂಗಿದ ಉತ್ತರ.

"ನಹೀಂ ಸಾಬ್!"

ಆರೂ ಜನ ಒಂದೇ ಗಂಟಲಲ್ಲಿ ಕೂಗಿದೆವು. ಎಲ್ಲರಿಗಿಂತ ದೊಡ್ಡ ದನಿ ನನ್ನದು. ಸತ್ಯ ಹೇಳಲೆಂದು ಎಳೆದುಕೊಂಡಿದ್ದ ಉಸಿರೆಲ್ಲ ಅದಕ್ಕೇ ಖರ್ಚಾಯಿತು. ಗೋದಾಮಿನ ತಗಡಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು.

ಹೇಮಂತ್ ಬೆಚ್ಚಿಬಿದ್ದು, ಆಮೇಲೆ ಮುಖ ಅರಳಿಸಿಕೊಂಡು ನಕ್ಕ. "ಏನ್ ಡಿಸಿಪ್ಲಿನ್ ಸರ್! ಇನ್ನೊಂದ್ಸಲ ಮಾಡಿಸ್ತೀರಾ, ವಿಡಿಯೊ ತಗೋತೀನಿ" ಎಂದ. ಪಂಚಾಕ್ಷರಪ್ಪ ಇನ್ನೊಮ್ಮೆ ಕೇಳಿದ. ನಾವು ಇನ್ನೊಮ್ಮೆ ಕೂಗಿದೆವು. ಮೊದಲ ಸಲದ್ದು ಬಾಯಿ ತಪ್ಪಿ ಬಂದದ್ದು ಎಂದುಕೊಳ್ಳೋಣ. ಎರಡನೆಯದಕ್ಕೆ ಏನು ಹೇಳಲಿ?

ಆಮೇಲೆ ಪಂಚಾಕ್ಷರಪ್ಪ ಹೇಮಂತನ ಹೆಗಲ ಮೇಲೆ ಕೈ ಹಾಕಿ ಕಾರಿನ ಕಡೆ ಕರೆದುಕೊಂಡು ಹೋದ. ನಮಗೆ ಚದುರಲು ಹೇಳಲಿಲ್ಲ. ಕಾರು ಒಂದು ಕೂಗಿನ ದೂರದಲ್ಲಿ ನಿಂತಿತ್ತು. ಅವರಿಬ್ಬರೂ ಎಳನೀರು ತರಿಸಿಕೊಂಡು ನಿಧಾನವಾಗಿ ಕುಡಿದರು. ಓಡಿಹೋಗಿ ಹೇಳಬಹುದಿತ್ತು. ನಿಂತಲ್ಲಿಂದಲೇ ಕೂಗಬಹುದಿತ್ತು, ನನ್ನ ಗಂಟಲು ಎಂಥದ್ದೆಂದು ಆಗಲೇ ತೋರಿಸಿದ್ದೆನಲ್ಲ. ಆದರೆ ಸಾಲು ಬಿಡಲು ಅಪ್ಪಣೆಯಾಗಿರಲಿಲ್ಲ. ನಂಬಿ, ನಾನು ಅಲುಗದೆ ನಿಂತದ್ದು ಅದಕ್ಕೇ. ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ. ಕಾರು ಹೊರಟು ಗೇಟು ದಾಟಿತು. ಪಂಚಾಕ್ಷರಪ್ಪ ಹಲ್ಲು ಕಿಸಿಯುತ್ತ ಬಂದು, "ಲೈನ್ ತೋಡ್" ಎಂದ. ಆಗ ಚದುರಿದೆವು.

"ಏನ್ ಗಂಟ್ಲಪ್ಪಾ ಮಾಸ್ತಪ್ಪ ನಿಂದು!" ಎಂದು ನನ್ನ ಬೆನ್ನು ತಟ್ಟಿ ಅವನೂ ಹೋದ.

ಸಣ್ಣಬೀರಪ್ಪ ಗೋಡೆ ಹಿಡಿದು ಕೂತ. "ಹೇಳ್ತೀನಿ ಅಂದಿದ್ಯಲ್ಲೋ" ಎಂದ. "ನಿನ್ ಬಾಯಿಗೇನಾಗಿತ್ತು?" ಎಂದೆ. "ನಾನು ನಿನ್ ಹಿಂದೆ ಇದ್ನಲ್ಲ" ಎಂದ. ಅವನ ಮುಖಕ್ಕೆ ಉಗಿಯಬೇಕು ಅನಿಸಿತು. ಹಾಗೆ ಉಗಿಯುತ್ತ ಹೋದರೆ ಮೊದಲು ಕನ್ನಡಿ ಬೇಕಾಗುತ್ತಿತ್ತು. ಯಾರ್ಡಿನ ಹೊರಗೆ ಹೋಗಿ ಹುಬ್ಬಳ್ಳಿಗೆ ಮತ್ತೆ ಫೋನ್ ಮಾಡಿದೆ. ಅದೇ ಹೆಂಗಸು. "ನಿಮ್ಮೋರೆಲ್ಲ ಏನೂ ತೊಂದರೆ ಇಲ್ಲ ಅಂದ್ರಂತಲ್ರೀ. ಆಫೀಸರು ವಿಡಿಯೊನೇ ಕಳಿಸ್ಯಾರೆ. ಸುಮ್‌ಸುಮ್ನೆ ನಮ್ಮ ಟೈಮ್ ಹಾಳು ಮಾಡಬೇಡ್ರಿ" ಎಂದು ಇಟ್ಟುಬಿಟ್ಟರು. ಅವರದೇನು ತಪ್ಪು?

ಮಧ್ಯಾಹ್ನ ಮನೆಗೆ ಹೋದರೆ ಬಾಗಿಲು ತೆರೆದಿತ್ತು. ರೇಣುಕಾಂಬ ಚಾಪೆಯ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದಳು. ಕೆಲಸದ ದಿನ ಆ ಹೊತ್ತಿನಲ್ಲಿ ಅವಳನ್ನು ಮನೆಯಲ್ಲಿ ನಾನು ನೋಡಿಯೇ ಇರಲಿಲ್ಲ. ಚಪ್ಪಲಿಯ ಸದ್ದಿಗೆ ಎದ್ದು ಕೂತಳು.

"ಬಿಟ್ಟು ಬಂದೆ ರೀ" ಎಂದಳು. "ಬೆಳಿಗ್ಗೆನೇ ಸೂಪರ್‌ವೈಸರ್‌ಗೆ ಐಡಿ ಕಾರ್ಡು ಕೊಟ್ಟೆ. ಎಂತಕ್ಕೆ ಬಿಡ್ತೀಯಾ ಅಂದ. ನಮ್ಮನೆಯೋರು ಮಿಲಿಟರಿಯೋರು, ಅವ್ರ ಸಂಬಳ ನಮಗೆ ಸಾಕು ಅಂದೆ. ಲೈನಿನ ಹೆಂಗಸ್ರೆಲ್ಲ ಕೇಳೋ ಹಂಗೆ ಅಂದೆ. ನಿಮ್ದು ಎಂತಾತು? ಹೇಳಿದ್ರಲ್ಲ?"

ನನಗೆ ಸುಳ್ಳು ಹೇಳಲು ಬರಲಿಲ್ಲ. ಆದದ್ದನ್ನು ಆದ ಹಾಗೇ ಹೇಳಿದೆ.

"ಅವ ಕೈಯಲ್ಲಿ ಕೋವಿ ಹಿಡಕೊಂಡಿದ್ನಾ?"

"ಇಲ್ಲ."

"ಹೊಡಿತೀನಿ ಅಂದ್ನಾ? ಕೆಲಸದಿಂದ ತೆಗಿತೀನಿ ಅಂದ್ನಾ?"

"ಇಲ್ಲ. ದೂರು ಐತಾ ಅಂತ ಕೇಳಿದ, ಅಷ್ಟೇ."

"ಕೇಳಿದ್ದಕ್ಕೆ ಇಲ್ಲ ಅಂದ್ರಾ?"

ಅವಳು ಅಳುತ್ತಾಳೆ, ಬಯ್ಯುತ್ತಾಳೆ ಎಂದು ಕಾದೆ. ಎರಡನ್ನೂ ಮಾಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತ ಗಂಡಸನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಆಮೇಲೆ ಚಾಪೆ ಸುತ್ತಿ ಮೂಲೆಗಿಟ್ಟಳು.

"ಆ ಸೂಪರ್‌ವೈಸರ್ ಹತ್ರ ಹೋಗಿ ಹಲ್ಲು ಗಿಂಜೋಕೆ ನನ್ ಕೈಲಾಗಲ್ಲ. ನಾಳೆ ನೀವೇ ಬಂದು ಕೇಳಿ. ನಿಮಗಾದ್ರೆ ರೂಢಿ ಐತೆ."

ಮರುದಿನ ಬೆಳಿಗ್ಗೆ ಗಾರ್ಮೆಂಟ್ಸಿನ ಬಸ್ಸಿನಲ್ಲಿ ಅವಳ ಜೊತೆ ಹೋದೆ. ಬಸ್ಸಿನ ತುಂಬ ಹೆಂಗಸರು. ಮಿಲಿಟರಿಯವರು ಇವರೇನಾ ಎಂದು ಯಾರೋ ಹಿಂದಿನ ಸೀಟಿನಲ್ಲಿ ಪಿಸುಗುಟ್ಟಿದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಅವಳ ಕುತ್ತಿಗೆಗೆ ತೊಂದರೆಯಿದೆ, ಹೊಲಿಗೆ ಬೇಡ, ಬಟ್ಟೆ ಮಡಚುವ ಕಡೆಗೆ ಹಾಕಿ, ಡಾಕ್ಟರ ಚೀಟಿ ತಂದಿದ್ದೇನೆ. ಇಷ್ಟೇ ಮಾತು. ಚೀಟಿ ಜೇಬಿನಲ್ಲೇ ಇತ್ತು.

ಸೂಪರ್‌ವೈಸರ್ ನನ್ನ ಅರ್ಧ ವಯಸ್ಸಿನ ಹುಡುಗ, ಗೇಟಿನ ಒಳಗೆ ನಿಂತು ಮೊಬೈಲ್ ನೋಡುತ್ತಿದ್ದ. ನಾನು ಎದುರಿಗೆ ಹೋಗಿ ನಿಂತೆ. ಅವನು ತಲೆ ಎತ್ತದೆ ರೇಣುಕಾಂಬಳ ಕಡೆ ಬೆರಳು ತೋರಿಸಿ, "ಸಂಬ್ಳ ಸಾಕು ಅಂದಿದ್ರಲ್ಲಮ್ಮಾ? ಹೋಗ್ಲಿ, ಅದೇ ಮಿಷನ್ ಖಾಲಿ ಐತಿ, ಕೂತ್ಕಳ್ಳಿ" ಎಂದ.

ನಾನು ಥ್ಯಾಂಕ್ಯೂ ಸರ್ ಎಂದೆ. ರೇಣುಕಾಂಬ ಮಿಷನ್ನಿನ ಕಡೆ ನಡೆದಳು.